ಬೋರ್ಡ್ ಇಲ್ಲದ ಕಡೆಯೂ ನೋ ಪಾರ್ಕಿಂಗ್: ಗಾಡಿ ನಿಲ್ಲಿಸುವ ಮುನ್ನ ತಿಳಿದಿರಲಿ

‘ಇಲ್ಲಿ ಬೋರ್ಡೇ ಇಲ್ಲವಲ್ಲ ಸಾರ್?’ ದಂಡ ಬಿದ್ದಾಗ ಬೆಂಗಳೂರಿನ ಸವಾರರ ಬಾಯಿಂದ ಮೊದಲು ಬರುವ ಮಾತು ಇದು. ಆದರೆ 2017ರ ಮೋಟಾರು ವಾಹನ ಚಾಲನಾ ನಿಯಮಗಳ ಪ್ರಕಾರ ಕೆಲವು ಜಾಗಗಳಲ್ಲಿ ಗಾಡಿ ನಿಲ್ಲಿಸುವಂತೆಯೇ ಇಲ್ಲ, ಬೋರ್ಡ್ ಇರಲಿ ಬಿಡಲಿ.

ಮೊದಲು ಜಾಗ ನೋಡಿ. ಫುಟ್‌ಪಾತ್, ಜೀಬ್ರಾ ಪಟ್ಟಿ, ಸೈಕಲ್ ಪಥ, ಬಸ್ ನಿಲ್ದಾಣ, ಆಸ್ಪತ್ರೆ ಅಥವಾ ಶಾಲೆಯ ದ್ವಾರ, ಯಾರದೇ ಮನೆಯ ಗೇಟಿನ ಮುಂಭಾಗ: ಇಲ್ಲೆಲ್ಲ ನಿಲುಗಡೆ ನಿಷಿದ್ಧ. ನಿಂತ ಗಾಡಿಯ ಪಕ್ಕದಲ್ಲಿ ಇನ್ನೊಂದನ್ನು ನಿಲ್ಲಿಸುವುದೂ ತಪ್ಪು. ಬಹಳ ಮಂದಿಗೆ ಗೊತ್ತಿಲ್ಲದ್ದು ಜಂಕ್ಷನ್ ನಿಯಮ. ಕೂಡುರಸ್ತೆಯ ಅಂಚಿನಿಂದ 50 ಮೀಟರ್‌ವರೆಗೆ ನಿಲ್ಲಿಸುವಂತಿಲ್ಲ. ಮೂಲೆಯಂಗಡಿಯಲ್ಲಿ ಎರಡೇ ನಿಮಿಷದ ಕೆಲಸ ಎಂದು ನಿಲ್ಲಿಸಿದ ಕಾರು ತಿರುವಿನಲ್ಲಿ ಬರುವ ಬಸ್ಸಿಗೆ ಅಡ್ಡವಾಗುತ್ತದೆ, ರಸ್ತೆ ದಾಟುವ ಮಗುವನ್ನು ಚಾಲಕನ ಕಣ್ಣಿಗೆ ಮರೆಮಾಡುತ್ತದೆ. ಫುಟ್‌ಪಾತ್ ಮೇಲೆ ಬೈಕ್ ಏರಿಸಿದರಂತೂ ಗಾಲಿಕುರ್ಚಿಯಲ್ಲಿ ಹೋಗುವವರು ವಾಹನಗಳ ನಡುವೆಯೇ ಇಳಿಯಬೇಕು. ನನಗೆ ಅತ್ಯಂತ ಸಂಕಟ ತರುವ ತಪ್ಪು ಇದು.

ಆಮೇಲೆ ಬೋರ್ಡ್ ಓದಿ. ಕೆಂಪು ಅಂಚಿನ ನೀಲಿ ವೃತ್ತದಲ್ಲಿ ಒಂದೇ ಅಡ್ಡಗೆರೆ ಇದ್ದರೆ ನೋ ಪಾರ್ಕಿಂಗ್. ಎರಡು ಗೆರೆ ಒಂದನ್ನೊಂದು ಕತ್ತರಿಸಿದ್ದರೆ ನಿಲ್ಲುವುದೂ ನಿಷಿದ್ಧ. ‘ಎಂಜಿನ್ ಆನ್ ಇದೆ, ನಾನು ಒಳಗೇ ಕೂತಿದ್ದೇನೆ’ ಎಂಬ ಸಬೂಬು ಅಲ್ಲಿ ನಡೆಯದು. ನೀಲಿ ಹಿನ್ನೆಲೆಯಲ್ಲಿ ಬಿಳಿಯ ‘ಪಿ’ ಇದ್ದರೆ ನಿಲ್ಲಿಸಬಹುದು. ಹಾಗಂತ ಅಷ್ಟಕ್ಕೇ ಹೊರಟುಬಿಡಬೇಡಿ, ಕೆಳಗಿನ ಪುಟ್ಟ ಫಲಕವನ್ನೂ ಓದಿ. ಯಾವ ವಾಹನಕ್ಕೆ, ಯಾವ ಹೊತ್ತಿನಲ್ಲಿ, ಬಾಣದ ಯಾವ ಕಡೆಗೆ ಎಂಬುದೆಲ್ಲ ಅದರಲ್ಲಿರುತ್ತದೆ. ಕೆಲವು ರಸ್ತೆಗಳಲ್ಲಿ ಸಮ ದಿನಾಂಕಕ್ಕೆ ಒಂದು ಬದಿ, ಬೆಸ ದಿನಾಂಕಕ್ಕೆ ಇನ್ನೊಂದು ಬದಿ.

ಬೋರ್ಡ್ ಹಾಕಿದವರು ಯಾರು? ಅಂಗಡಿಯವರು ರಸ್ತೆಗಿಟ್ಟ ‘ನೋ ಪಾರ್ಕಿಂಗ್’ ಸ್ಟ್ಯಾಂಡ್, ಮನೆ ಮುಂದಿನ ಹೂಕುಂಡ, ಕಲ್ಲು, ಹಗ್ಗಗಳಿಗೆ ಕಾನೂನಿನ ಬಲವಿಲ್ಲ. ಎಲ್ಲಿ ವಾಹನ ನಿಲ್ಲಬಹುದೆಂದು ಗೊತ್ತುಮಾಡುವ ಅಧಿಕಾರವನ್ನು ಮೋಟಾರು ವಾಹನ ಕಾಯ್ದೆಯ 117ನೇ ಕಲಂ ರಾಜ್ಯ ಸರ್ಕಾರಕ್ಕೆ ಅಥವಾ ಅದು ನೇಮಿಸಿದ ಪ್ರಾಧಿಕಾರಕ್ಕೆ ಕೊಟ್ಟಿದೆ. ಮನೆ ಮುಂದಿನ ರಸ್ತೆ ಮನೆಯವರ ಸ್ವತ್ತಲ್ಲ. ಆದರೆ ಗೇಟಿಗೆ ಅಡ್ಡ ನಿಲ್ಲಿಸಿದರೆ ತಪ್ಪು ನಿಮ್ಮದೇ. ಬೀದಿಯಲ್ಲಿ ಜಗಳಕ್ಕೆ ನಿಲ್ಲುವ ಬದಲು ಸಂಚಾರ ಠಾಣೆಗೆ ತಿಳಿಸಿ.

ಮೆಜೆಸ್ಟಿಕ್, ಗಾಂಧಿನಗರದ ಕಡೆ ಕೆಲಸವಿದ್ದರೆ ಫ್ರೀಡಂ ಪಾರ್ಕ್‌ನ ಬಹುಮಹಡಿ ಪಾರ್ಕಿಂಗ್ ನೆನಪಿರಲಿ.

ದಂಡದ ಸಂದೇಶ ಬಂದರೆ. ಬೆಂಗಳೂರಿನಲ್ಲಿ ನೋ ಪಾರ್ಕಿಂಗ್ ದಂಡ 1,000 ರೂಪಾಯಿ. ಕಾಯ್ದೆಯ 127ನೇ ಕಲಂ ಪ್ರಕಾರ, ನಿಷೇಧಿತ ಜಾಗದಲ್ಲಿ ನಿಂತ ಗಾಡಿಯನ್ನು ಎಳೆದೊಯ್ಯಲೂಬಹುದು, ಆ ಖರ್ಚೂ ಮಾಲೀಕರದ್ದೇ. ಸಂದೇಶ ಬಂದ ಕೂಡಲೇ ದುಡ್ಡು ಕಟ್ಟಬೇಡಿ. ವಾಟ್ಸ್‌ಆ್ಯಪ್‌ನಲ್ಲಿ ‘ಚಲನ್’ ಹೆಸರಿನಲ್ಲಿ ಎಪಿಕೆ ಫೈಲ್ (ಒತ್ತಿದರೆ ಫೋನಿಗೆ ಆ್ಯಪ್ ಇಳಿಸುವ ಫೈಲ್) ಬಂದಿದ್ದರೆ ಅದು ವಂಚನೆ. ಒತ್ತಿದರೆ ಬ್ಯಾಂಕ್ ಖಾತೆಗೇ ಕನ್ನ. ಪರಿವಾಹನ್ ಇ-ಚಲನ್ ಜಾಲತಾಣವನ್ನು ನೀವೇ ತೆರೆಯಿರಿ, ವಿಳಾಸದ ಕೊನೆಯಲ್ಲಿ ‘ಗವ್ ಡಾಟ್ ಇನ್’ ಇದೆಯೇ ನೋಡಿ, ಗಾಡಿ ನಂಬರ್ ಹಾಕಿ. ಬೆಂಗಳೂರು ಒನ್ ಕೇಂದ್ರದಲ್ಲೂ ಕಟ್ಟಬಹುದು. 2023ರ ಫೆಬ್ರುವರಿಯಲ್ಲಿ ಸರ್ಕಾರ ಬಾಕಿ ದಂಡಕ್ಕೆ ಶೇ 50ರಷ್ಟು ರಿಯಾಯಿತಿ ಕೊಟ್ಟಿತ್ತು, ಆಮೇಲೂ ಕೊಟ್ಟಿದೆ. ಅದನ್ನೇ ನೆಚ್ಚಿ ಬಾಕಿ ಬೆಳೆಸುವುದು ಸರಿಯಲ್ಲ.

ತಪ್ಪು ನಿಮ್ಮದಲ್ಲದಿದ್ದರೆ. ದಂಡದ ಜೊತೆಗಿರುವ ಫೋಟೊ ತೆರೆದು ನಂಬರ್ ಪ್ಲೇಟ್, ಗಾಡಿಯ ಮಾದರಿ, ಬಣ್ಣ, ಜಾಗ, ಸಮಯ ಹೋಲಿಸಿ. ನಿಮ್ಮದು ಬಿಳಿ ಸ್ಕೂಟರ್, ಚಿತ್ರದಲ್ಲಿರುವುದು ಕಪ್ಪು ಬೈಕ್ ಎಂದಾದರೆ ನಂಬರನ್ನು ತಪ್ಪಾಗಿ ಓದಿರಬಹುದು, ಇಲ್ಲವೇ ಯಾರೋ ನಿಮ್ಮ ನಂಬರ್ ಹಾಕಿಕೊಂಡು ಓಡಾಡುತ್ತಿರಬಹುದು. ಎರಡನೆಯದಾದರೆ ದಂಡ ಕಟ್ಟಿ ಸುಮ್ಮನಾಗಬೇಡಿ, ಪೊಲೀಸ್ ದೂರು ಕೊಡಿ. ಆರ್‌ಸಿ ಪ್ರತಿ, ನಿಮ್ಮ ಗಾಡಿಯ ಫೋಟೊ ಇಟ್ಟುಕೊಂಡು ಇ-ಚಲನ್ ತಾಣದ ದೂರು ವಿಭಾಗದಲ್ಲಿ ಅಥವಾ ಸಂಚಾರ ಪೊಲೀಸರಲ್ಲಿ ಆಕ್ಷೇಪ ಸಲ್ಲಿಸಿ, ಸ್ವೀಕೃತಿ ಕೇಳಿ ಪಡೆಯಿರಿ.

ಹಳೇ ಗಾಡಿ ಕೊಳ್ಳುವವರು ಮುಂಗಡ ಕೊಡುವ ಮೊದಲೇ ಇದೇ ತಾಣದಲ್ಲಿ ಆ ನಂಬರ್ ಹಾಕಿ ನೋಡಲಿ. ಬಾಕಿ ಇದ್ದರೆ ಮಾರುವವರೇ ತೀರಿಸಿ ರಸೀದಿ ಕೊಡಬೇಕು.