ಮಾನವ ಕಳ್ಳಸಾಗಣೆಯಿಂದ ಹೊರಬಂದವರಿಗೆ ನೆರವಾಗುವುದು ಹೇಗೆ? ಮಲೆನಾಡಿನ ಸೇವಾ ಕಾರ್ಯಕರ್ತರಿಗೊಂದು ಕೈಪಿಡಿ

ಯಾರೂ ‘ನನ್ನನ್ನು ಸಾಗಿಸಿ ಮಾರಿದರು’ ಎಂದು ಹೇಳಿಕೊಂಡು ನಮ್ಮ ಬಳಿಗೆ ಬರುವುದಿಲ್ಲ. ಬೆನ್ನುನೋವು ಎಂದೋ, ಕೂಲಿ ಬಂದಿಲ್ಲವೆಂದೋ, ಆಧಾರ್ ಕಾರ್ಡು ಕೂಲಿಯಾಳುಗಳನ್ನು ಕರೆತರುವ ಮೇಸ್ತ್ರಿಯ ಬಳಿಯೇ ಉಳಿದಿದೆಯೆಂದೋ ಬರುತ್ತಾರೆ. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ನರ್ಸ್, ಆಶಾ ಕಾರ್ಯಕರ್ತೆ, ಆಪ್ತಸಮಾಲೋಚಕರು ಮೊದಲು ಕೆಲವು ಸುಳಿವುಗಳನ್ನು ಗಮನಿಸಬೇಕು. ಕೇಳಿದ ಪ್ರತಿ ಪ್ರಶ್ನೆಗೂ ಜೊತೆಗೆ ಬಂದವನೇ ಉತ್ತರಿಸುತ್ತಿದ್ದಾನೆಯೇ, ಎಷ್ಟು ದುಡಿದರೂ ಮುಂಗಡದ ಲೆಕ್ಕ ತೀರುತ್ತಿಲ್ಲವೇ, ಲೈನ್ ಮನೆಯಿಂದ (ತೋಟದ ಕೂಲಿಯವರ ಸಾಲುಮನೆಯಿಂದ) ಸಂತೆಗೆ ಹೋಗಲೂ ಅಪ್ಪಣೆ ಬೇಕೇ ಎಂಬುದನ್ನು ನೋಡಿ. ತೋಟದ ಕೂಲಿಯೆಲ್ಲ ಜೀತವಲ್ಲ; ಆದರೆ ಈ ಮೂರೂ ಒಟ್ಟಿಗೆ ಕಂಡರೆ ಸುಮ್ಮನೆ ಔಷಧಿ ಬರೆದು ಕಳುಹಿಸಬೇಡಿ.

‘ನೀನೇ ಒಪ್ಪಿ ಹೋದೆಯಲ್ಲ’ ಎಂಬ ಮಾತು ಎಂದಿಗೂ ನಿಮ್ಮ ಬಾಯಿಂದ ಬರಬಾರದು. ಭಾರತೀಯ ನ್ಯಾಯ ಸಂಹಿತೆಯ 143ನೇ ಕಲಮಿನ ಪ್ರಕಾರ ಬೆದರಿಕೆ, ವಂಚನೆ, ಅಧಿಕಾರದ ದುರುಪಯೋಗ ಅಥವಾ ಆಮಿಷದಿಂದ ಶೋಷಣೆಗಾಗಿ ಸಾಗಿಸಿದ್ದರೆ, ಸಂತ್ರಸ್ತರ ಒಪ್ಪಿಗೆಯನ್ನು ಲೆಕ್ಕಕ್ಕೆ ತೆಗೆದುಕೊಳ್ಳುವಂತಿಲ್ಲ.

ಮೊದಲ ಅರ್ಧ ಗಂಟೆಯಲ್ಲಿ ನೀವು ಹೇಗೆ ನಡೆದುಕೊಳ್ಳುತ್ತೀರಿ ಎಂಬುದರ ಮೇಲೆ ಉಳಿದೆಲ್ಲ ನಿಂತಿದೆ. ಯಾವಾಗ ಉಣ್ಣಬೇಕು, ಎಲ್ಲಿ ಮಲಗಬೇಕು, ಯಾರೊಡನೆ ಮಾತಾಡಬೇಕು ಎಂಬುದನ್ನೆಲ್ಲ ವರ್ಷಗಟ್ಟಲೆ ಬೇರೆಯವರೇ ತೀರ್ಮಾನಿಸಿದ ಬದುಕು ಅವರದು. ಸಣ್ಣ ಸಣ್ಣ ತೀರ್ಮಾನಗಳನ್ನು ಅವರ ಕೈಗೆ ಮರಳಿಸುವುದೇ ನಮ್ಮ ಮೊದಲ ಕೆಲಸವೆಂದು ನಾನು ನಂಬಿದ್ದೇನೆ. ಒಮ್ಮೆ ಒಬ್ಬ ಹೆಣ್ಣುಮಗಳು ಬಾಗಿಲಿಗೆ ಬೆನ್ನು ಮಾಡಿ ಕೂರಲಾರದೆ, ಕೊಟ್ಟ ಕಾಫಿಯ ಲೋಟವನ್ನು ಎರಡೂ ಕೈಯಲ್ಲಿ ಹಿಡಿದು ಆರುವವರೆಗೂ ನಿಂತೇ ಇದ್ದರು. ‘ಅಮ್ಮಾ, ಕುರ್ಚಿ ಎಲ್ಲಿ ಹಾಕಲಿ? ಬಾಗಿಲು ತೆಗೆದಿರಲಾ, ಮುಚ್ಚಲಾ?’ ಎಂದು ಕೇಳಿದ ಮೇಲೆ, ಕುರ್ಚಿಯನ್ನು ತಾವೇ ಗೋಡೆಯ ಕಡೆಗೆ ಎಳೆದುಕೊಂಡು ಕುಳಿತರು. ಅಂದು ನಾನು ಬೇರೇನನ್ನೂ ಕೇಳಲಿಲ್ಲ.

ಅಸ್ಸಾಂ, ಜಾರ್ಖಂಡ್, ಒಡಿಶಾ ಕಡೆಯಿಂದ ತೋಟಗಳಿಗೆ ಬಂದವರಲ್ಲಿ ಹಲವರಿಗೆ ಕನ್ನಡ ಬಾರದು, ಕೆಲವರಿಗೆ ಹಿಂದಿಯೂ ಸಲೀಸಲ್ಲ. ಇಂಥವರ ಮಾತನ್ನು ತಿಳಿಯಲು ಮೇಸ್ತ್ರಿಯನ್ನಾಗಲಿ ಅವನ ಬಂಧುವನ್ನಾಗಲಿ ದುಭಾಷಿಯಾಗಿ ಕೂರಿಸಬೇಡಿ. ಅವರ ಭಯಕ್ಕೆ ಕಾರಣನಾದವನೇ ಅವರ ಪರವಾಗಿ ಮಾತಾಡಿದಂತಾಗುತ್ತದೆ. ಫೋನಿನಲ್ಲಾದರೂ ಸರಿ, ಸಂಬಂಧವಿಲ್ಲದ ಬೇರೆಯವರನ್ನು ಹುಡುಕಿ.

ನಡೆದದ್ದನ್ನು ಮತ್ತೆ ಮತ್ತೆ ಹೇಳಿಸುವುದು ನಾವು ಮಾಡುವ ದೊಡ್ಡ ತಪ್ಪು. ಪೊಲೀಸರು, ವೈದ್ಯರು, ಆಪ್ತಸಮಾಲೋಚಕರು, ವಕೀಲರು ಎಂದು ಒಂದೇ ದಿನ ನಾಲ್ಕು ಕಡೆ ಅದನ್ನೇ ಹೇಳಿದ ಒಬ್ಬರು ಐದನೆಯ ಕಡೆ ಮಾತೇ ನಿಲ್ಲಿಸಿದ್ದನ್ನು ನಾನು ಕಂಡಿದ್ದೇನೆ. ನಿಮ್ಮ ಕೆಲಸಕ್ಕೆ ಬೇಕಾದಷ್ಟನ್ನು ಮಾತ್ರ ಕೇಳಿ. ಬರೆದುಕೊಂಡದ್ದನ್ನು ಓದಿ ಹೇಳಿ. ಅದನ್ನು ಯಾರಿಗೆ ತೋರಿಸಬಹುದೆಂದು ಅವರನ್ನೇ ಕೇಳಿ.

ಜೀತದ ಲಕ್ಷಣವಿದ್ದರೆ 1976ರ ಜೀತ ಪದ್ಧತಿ ರದ್ದು ಕಾಯ್ದೆಯಡಿ ಜಿಲ್ಲಾಧಿಕಾರಿಗಳಿಗೆ ಅಥವಾ ಉಪವಿಭಾಗಾಧಿಕಾರಿಗಳಿಗೆ ಲಿಖಿತವಾಗಿ ತಿಳಿಸಿ. ಶಿವಮೊಗ್ಗ ಜಿಲ್ಲೆಯಲ್ಲಿ ಶಿವಮೊಗ್ಗ ಮತ್ತು ಸಾಗರದಲ್ಲಿ ಉಪವಿಭಾಗಾಧಿಕಾರಿಗಳ ಕಚೇರಿಗಳಿವೆ. ವಿಚಾರಣೆಯ ನಂತರ ದೊರೆಯುವ ಬಿಡುಗಡೆ ಪತ್ರವನ್ನು ಕೇಳಿ ಪಡೆಯಲೇಬೇಕು, ಏಕೆಂದರೆ ಹಳೆಯ ಸಾಲ ರದ್ದಾಗಿದೆ ಎಂಬುದಕ್ಕೂ ಪುನರ್ವಸತಿಗೂ ಅದೇ ಆಧಾರ. ಕೇಂದ್ರದ ಯೋಜನೆಯಲ್ಲಿ ತಕ್ಷಣದ ನೆರವು 30,000 ರೂಪಾಯಿವರೆಗೆ ಇದೆ. ಸಾಗಣೆ ಅಥವಾ ಲೈಂಗಿಕ ಶೋಷಣೆಯಂಥ ತೀವ್ರ ಪ್ರಕರಣಗಳಲ್ಲಿ ಪುನರ್ವಸತಿ ಮೊತ್ತ 3 ಲಕ್ಷ ರೂಪಾಯಿ. ದೊಡ್ಡ ಮೊತ್ತ ಕೈಸೇರುವುದು ಆರೋಪಿಗೆ ಶಿಕ್ಷೆಯಾಗುವುದರೊಡನೆ ತಳಕು ಹಾಕಿಕೊಂಡಿರುವುದರಿಂದ ‘ಬೇಗ ಬರುತ್ತದೆ’ ಎಂದು ಮಾತು ಕೊಡಬೇಡಿ. ಉಚಿತ ವಕೀಲರಿಗಾಗಿ ಕಾನೂನು ಸೇವಾ ಪ್ರಾಧಿಕಾರದ 15100, ಮಹಿಳೆಯರಿಗೆ 181, ತುರ್ತಿಗೆ 112. ಮಕ್ಕಳಾದರೆ 1098ಕ್ಕೆ ಕರೆ ಮಾಡಿ. ಪ್ರಯಾಣದ ಸಮಯ ಬಿಟ್ಟು 24 ಗಂಟೆಯೊಳಗೆ ಮಗುವನ್ನು ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಲೈಂಗಿಕ ದೌರ್ಜನ್ಯಕ್ಕೆ ಒಳಗಾದವರಿಗೆ ಖಾಸಗಿ ಆಸ್ಪತ್ರೆಯೂ ಉಚಿತವಾಗಿ ಚಿಕಿತ್ಸೆ ನೀಡಬೇಕು.

ಮನೆಗೆ ಕಳುಹಿಸುವುದೇ ಪರಿಹಾರವೆಂದು ಭಾವಿಸಬೇಡಿ. ಕೆಲವೊಮ್ಮೆ ಬೆಂಗಳೂರಿನ ಮನೆಗೆಲಸಕ್ಕೆಂದು ಕಳುಹಿಸಿದವರು ಸ್ವಂತ ಸಂಬಂಧಿಕರೇ ಆಗಿರುತ್ತಾರೆ. ವಯಸ್ಕರ ಇಚ್ಛೆಯನ್ನು ಕೇಳಿ, ಅವರ ಮಾತಿನಲ್ಲೇ ದಾಖಲಿಸಿ. ಹಿಂತಿರುಗಿದವರನ್ನು ಕಾಣಲು ಇಲಾಖೆಯ ಜೀಪಿನಲ್ಲಿ ಹೋಗಬೇಡಿ. ಒಂಟಿ ಮನೆಗಳ ನಮ್ಮ ಕಡೆ ಮಣ್ಣುದಾರಿಯಲ್ಲಿ ಜೀಪು ಹತ್ತಿದರೆ ಸಾಕು, ಯಾರ ಮನೆಗೆ, ಏಕೆ ಎಂಬುದು ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ.

ಯಾವ ದಿನ, ಎಷ್ಟು ಹೊತ್ತಿಗೆ ಫೋನ್ ಮಾಡಬಹುದೆಂದು ಅವರಿಂದಲೇ ಕೇಳಿ ತಿಳಿದುಕೊಳ್ಳಿ. ಬೇರೆಯವರು ಫೋನ್ ಎತ್ತಿದರೆ ಏನು ಹೇಳಬೇಕೆಂಬುದನ್ನೂ ಇಬ್ಬರೂ ಮೊದಲೇ ಗೊತ್ತುಮಾಡಿಕೊಳ್ಳಿ. ಮಳೆಗಾಲದಲ್ಲಿ ಹೊಸನಗರ, ತೀರ್ಥಹಳ್ಳಿಯ ಒಳಗಿನ ಹಳ್ಳಿಗಳಲ್ಲಿ ಕರೆಂಟು, ನೆಟ್‌ವರ್ಕ್ ಎರಡೂ ಕೈಕೊಡುವುದರಿಂದ, ಎರಡು ವಾರ ಮಾತು ಸಿಗದಿದ್ದರೆ ಸಂತೆಯ ದಿನ ಭೇಟಿಯಾಗುವ ಜಾಗವನ್ನೂ, ಅವರು ಕೊನೆಯ ಬಸ್ಸು ಹಿಡಿಯಬೇಕಾದ ಹೊತ್ತನ್ನೂ ಮುಂಚಿತವಾಗಿಯೇ ನಿಶ್ಚಯಿಸಿಕೊಂಡಿರಿ.