ಅಕೌಸ್ಟಿಕ್ ಸಂಗೀತದ ರೆಕಾರ್ಡಿಂಗ್: ಮೊದಲು ಸ್ಟ್ಯಾಂಡ್, ಕೊನೆಗೆ ರೆಕಾರ್ಡರ್

ಗಿಟಾರ್, ಪಿಟೀಲು, ಕೊಳಲು, ಹಾಡು ಇವನ್ನು ಎದುರು ಕೂತು ಕೇಳಿದ ಹಾಗೆಯೇ ರೆಕಾರ್ಡ್ ಮಾಡಬೇಕೆನ್ನುವವರು ಸಾಮಾನ್ಯವಾಗಿ ಮೊದಲು ಕೊಳ್ಳುವುದು ರೆಕಾರ್ಡರ್. ಕ್ರಮ ತಲೆಕೆಳಗಾಗುವುದೇ ಇಲ್ಲಿ. ಈಗಿನ ಒಳ್ಳೆಯ ರೆಕಾರ್ಡರುಗಳ ನಡುವಿನ ವ್ಯತ್ಯಾಸ ಕಿವಿಗೆ ಸಿಕ್ಕುವುದೇ ಕಷ್ಟ. ಆದರೆ ಎಂಟು ಮೀಟರ್ ದೂರದಲ್ಲಿದ್ದ ಮೈಕನ್ನು ಎರಡು ಮೀಟರಿಗೆ ತಂದರೆ ಆ ವ್ಯತ್ಯಾಸ ಯಾರಿಗಾದರೂ ಗೊತ್ತಾಗುತ್ತದೆ. ಹಾಗಾಗಿ ಮೈಕ್ ಎಲ್ಲಿ ನಿಲ್ಲಬೇಕೆಂದು ಮೊದಲು ಗೊತ್ತುಮಾಡಿಕೊಳ್ಳಿ. ಏನೇನು ಕೊಳ್ಳಬೇಕೆಂಬುದು ಅದರಿಂದಲೇ ತಿಳಿಯುತ್ತದೆ.

ಹಂತ 1: ಜಾಗ

ವಾದ್ಯದಿಂದ ನೇರವಾಗಿ ಬರುವ ದನಿ, ದೂರ ಇಮ್ಮಡಿಯಾದಾಗಲೆಲ್ಲ ಸುಮಾರು 6 ಡೆಸಿಬೆಲ್ ಇಳಿಯುತ್ತದೆ. ಗೋಡೆ, ಚಾವಣಿಗಳಿಂದ ಮರಳುವ ಪ್ರತಿಧ್ವನಿ ಸಭಾಂಗಣದಲ್ಲೆಲ್ಲ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತದೆ. ಹಿಂದಿನ ಸಾಲಿನಲ್ಲಿಟ್ಟ ಮೈಕಿಗೆ ಬರೀ ಗುಂಯ್‌ಗುಡುವ ದನಿ, ಜೊತೆಗೆ ಸಭಿಕರ ಕೆಮ್ಮು ಸಿಗುವುದು ಇದಕ್ಕೇ. ತಾಲೀಮಿನ ಹೊತ್ತಿನಲ್ಲಿ ಒಂದು ಕಿವಿ ಮುಚ್ಚಿಕೊಂಡು ಕಲಾವಿದರೆದುರು ಹಿಂದೆ ಮುಂದೆ ನಡೆದು ನೋಡಿ; ವಾದ್ಯವೂ ಪ್ರತಿಧ್ವನಿಯೂ ಹದವಾಗಿ ಕೇಳಿಸುವ ಕಡೆಯೇ ಮೈಕಿನ ಜಾಗ. ಎರಡೂ ಕಿವಿ ತೆರೆದಿದ್ದರೆ ಮಿದುಳು ಪ್ರತಿಧ್ವನಿಯನ್ನು ಸಾಕಷ್ಟು ಅಡಗಿಸಿಬಿಡುತ್ತದೆ. ಮೈಕಿಗೆ ಆ ಶಕ್ತಿಯಿಲ್ಲ. ಒಂಟಿ ವಾದ್ಯಕ್ಕೆ 1ರಿಂದ 1.5 ಮೀಟರ್, ನಾಲ್ಕೈದು ಜನರ ಮೇಳಕ್ಕೆ 2ರಿಂದ 3 ಮೀಟರ್ ದೂರದಿಂದ ಶುರುಮಾಡಬಹುದು. ಮೇಳಕ್ಕಾದರೆ ಮೈಕ್ ನೆಲದಿಂದ 2.5ರಿಂದ 3 ಮೀಟರ್ ಎತ್ತರದಲ್ಲಿರಲಿ. ಆಗ ಮುಂದೆ ಕೂತವರ ವಾದ್ಯ ಹಿಂದಿನವರದನ್ನು ನುಂಗುವುದಿಲ್ಲ.

ಹಂತ 2: ಸ್ಟ್ಯಾಂಡ್ ಮತ್ತು ಕೇಬಲ್

ವೇದಿಕೆಯ ಸಾಮಾನ್ಯ ಸ್ಟ್ಯಾಂಡಿಗೆ ಈ ಎತ್ತರ ಎಟುಕದು. 3 ಮೀಟರಿಗೂ ಹೆಚ್ಚು ಏರುವ, ಅಗಲ ಕಾಲಿನ ಸ್ಟ್ಯಾಂಡ್ ಬೇಕು; ಕಾಲುಗಳ ಮೇಲೆ ಮರಳುಚೀಲ ಹೇರಲೇಬೇಕು. ಎತ್ತರದ ಸ್ಟ್ಯಾಂಡ್ ಜನರ ಮೇಲೆ ಬಿದ್ದರೆ ಹೋಗುವುದು ಮೈಕ್ ಮಾತ್ರವಲ್ಲ, ಆದ್ದರಿಂದ ಇದರಲ್ಲಿ ರಾಜಿ ಬೇಡ. ಎರಡು ಮೈಕುಗಳನ್ನು ಒಂದೇ ಸ್ಟ್ಯಾಂಡಿನಲ್ಲಿ ಕೂರಿಸುವ ಸ್ಟೀರಿಯೊ ಬಾರ್ ಒಂದು, ಮರದ ವೇದಿಕೆಯ ಕಾಲ್ಸಪ್ಪಳ ತಡೆಯುವ ಶಾಕ್‌ಮೌಂಟ್ ಎರಡು, 10 ಮೀಟರಿನ ಎಕ್ಸ್‌ಎಲ್‌ಆರ್ ಕೇಬಲ್ (ಮೂರು ಪಿನ್ನಿನ ಮೈಕ್ ಕೇಬಲ್) ಮೂರು, ಅದರಲ್ಲಿ ಒಂದು ಹೆಚ್ಚುವರಿ. ಕೇಬಲನ್ನು ಸ್ಟ್ಯಾಂಡಿನ ಬುಡದಲ್ಲಿ ಒಂದು ಸುತ್ತು ಸುತ್ತಿ, ನೆಲಕ್ಕೆ ಬಟ್ಟೆಯ ಟೇಪ್ ಹಚ್ಚಿ. ಯಾರಾದರೂ ಎಡವಿದರೂ ಎಳೆತ ಮೇಲಿನವರೆಗೆ ಹೋಗುವುದಿಲ್ಲ.

ಹಂತ 3: ಮೈಕ್

ಹೆಚ್ಚಿನ ಹಣ ಹೋಗಬೇಕಾದದ್ದು ಇಲ್ಲಿಗೆ. ಚಿಕ್ಕ ಡಯಾಫ್ರಾಮಿನ (ದನಿಗೆ ಕಂಪಿಸುವ ತೆಳುಪೊರೆ) ಕಂಡೆನ್ಸರ್ ಮೈಕುಗಳನ್ನು (ವಿದ್ಯುತ್ ಬೇಕಾಗುವ, ಸೂಕ್ಷ್ಮ ದನಿ ಹಿಡಿಯುವ ಬಗೆ) ತಯಾರಕರೇ ಜೋಡಿಮಾಡಿ ಮಾರುತ್ತಾರೆ. ಅಂಥ ಜೋಡಿಯನ್ನೇ ಆರಿಸಿ. ವಿವರಪಟ್ಟಿಯಲ್ಲಿ ಮೊದಲು ನೋಡಬೇಕಾದ ಅಂಕಿ ಮೈಕಿನ ಸ್ವಂತ ಗದ್ದಲದ್ದು. ಅದು 16 ಡಿಬಿ-ಎ (ಕಿವಿಗೆ ಕೇಳುವಂತೆ ತೂಗಿದ ಡೆಸಿಬೆಲ್) ಅಥವಾ ಅದಕ್ಕಿಂತ ಕಡಿಮೆ ಇರಲಿ. 20 ದಾಟಿದರೆ ಒಂಟಿ ಗಿಟಾರಿನ ತಂತಿ ಅಡಗುವ ಹೊತ್ತಿಗೆ ಹಿಂದಿನಿಂದ ‘ಸ್ಸ್’ ಎಂಬ ದನಿ ಏಳುತ್ತದೆ. ಎಷ್ಟು ಗಟ್ಟಿ ದನಿ ತಾಳುತ್ತದೆ ಎಂಬ ಅಂಕಿಗೆ ಇಲ್ಲಿ ಅಷ್ಟು ತಲೆಕೆಡಿಸಿಕೊಳ್ಳಬೇಕಿಲ್ಲ. 130 ಡೆಸಿಬೆಲ್ ಧಾರಾಳ.

ಕಾರ್ಡಿಯಾಯ್ಡ್ ಮೈಕ್ ಮುಂದಿನದನ್ನು ಹಿಡಿದು ಹಿಂದಿನದನ್ನು ತಗ್ಗಿಸುತ್ತದೆ, ಆದರೆ ದೂರ ಹೋದಂತೆ ಅದರಲ್ಲಿ ತಳದ ಸ್ವರ ತೆಳುವಾಗುತ್ತದೆ. ಓಮ್ನಿ ಎಲ್ಲ ಕಡೆಯದನ್ನೂ ಹಿಡಿಯುತ್ತದೆ. ಮಂದ್ರದ ತುಂಬು ದನಿ ಅದರಲ್ಲೇ ಚೆನ್ನ. ಸಭಾಂಗಣ ನಿಶ್ಶಬ್ದವಾಗಿದ್ದು ಪ್ರತಿಧ್ವನಿ ಇಂಪಾಗಿದ್ದರೆ ಎರಡು ಓಮ್ನಿಗಳನ್ನು 40–60 ಸೆಂ.ಮೀ. ಅಂತರದಲ್ಲಿಡಿ. ಹಾಗಿಲ್ಲದ ಕಡೆ, ಅಂದರೆ ಬಹುತೇಕ ಕಡೆ, ಕಾರ್ಡಿಯಾಯ್ಡ್ ಜೋಡಿಯೇ ಸುರಕ್ಷಿತ. ಅದನ್ನು ಜೋಡಿಸಲು ಫ್ರಾನ್ಸಿನ ರೇಡಿಯೊದಿಂದ ಬಂದ ಓಆರ್‌ಟಿಎಫ್ ವಿಧಾನವಿದೆ: ಮೈಕುಗಳ ಮುಖಗಳ ನಡುವೆ 17 ಸೆಂ.ಮೀ., ಹೊರಮುಖವಾಗಿ 110 ಡಿಗ್ರಿ ಕೋನ. ಮೊದಲ ಜೋಡಿ ಕೊಳ್ಳುವವರಿಗೆ ನಮ್ಮ ಶಿಫಾರಸು ಇದೇ. ಒಂದರ ಮೇಲೊಂದು ಮುಖ ಬರುವಂತೆ 90 ಡಿಗ್ರಿಗೆ ಇಡುವ ಎಕ್ಸ್‌ವೈ ಜೋಡಣೆ ಮೊಬೈಲಿನ ಒಂದೇ ಸ್ಪೀಕರಿನಲ್ಲಿ ಕೇಳಿದರೂ ಕೆಡುವುದಿಲ್ಲ, ಆದರೆ ಮೇಳದ ಹರವು ಅದರಲ್ಲಿ ಕಿರಿದಾಗುತ್ತದೆ.

ಹಂತ 4: ರೆಕಾರ್ಡರ್

ಎರಡು ಎಕ್ಸ್‌ಎಲ್‌ಆರ್ ಇನ್‌ಪುಟ್, 48 ವೋಲ್ಟ್ ಫ್ಯಾಂಟಮ್ ಪವರ್ (ಕೇಬಲಿನ ಮೂಲಕವೇ ಮೈಕಿಗೆ ಹೋಗುವ ವಿದ್ಯುತ್), ಕೈಯಲ್ಲಿ ತಿರುಗಿಸಿ ದನಿಯ ಮಟ್ಟ ಏರಿಸಿ ಇಳಿಸುವ ಗೇನ್ – ಇಷ್ಟಿದ್ದರೆ ಸಾಕು. ಫ್ಯಾಂಟಮ್ ಬ್ಯಾಟರಿಯನ್ನು ಬೇಗ ಬರಿದುಮಾಡುತ್ತದೆ, ಪವರ್ ಬ್ಯಾಂಕ್ ಜೊತೆಗಿರಲಿ. ತಾನಾಗಿ ಮಟ್ಟ ಹೊಂದಿಸುವ ಆಟೊ ಗೇನ್ ಕಡ್ಡಾಯವಾಗಿ ಆಫ್. ಅದು ಮೆಲುದನಿಯನ್ನು ಎತ್ತಿ, ಗಟ್ಟಿದನಿಯನ್ನು ತುಳಿದು, ಕಲಾವಿದರು ಕಟ್ಟಿದ ಏರಿಳಿತವನ್ನೇ ಅಳಿಸುತ್ತದೆ. 24 ಬಿಟ್, 48 ಕಿಲೊಹರ್ಟ್ಸ್ ವೇವ್ ಫೈಲ್ ಆರಿಸಿ. ಸ್ಟೀರಿಯೊದಲ್ಲಿ ಗಂಟೆಗೆ ಸುಮಾರು 1 ಜಿಬಿ ಆಗುತ್ತದೆ. ಇನ್ನೂ ಹೆಚ್ಚಿನ ಏರಿಳಿತ ಹಿಡಿಸುವ 32 ಬಿಟ್ ಫ್ಲೋಟ್ ಇದ್ದರೆ ಗೇನ್ ತಪ್ಪಿದರೂ ಆಮೇಲೆ ಸರಿಪಡಿಸಬಹುದು. ಆದರೆ ಮೈಕೇ ಒಡೆದ ದನಿ ಕೊಟ್ಟರೆ ಅದನ್ನು ಯಾವ ಫ್ಲೋಟೂ ಉಳಿಸದು.

ಧ್ವನಿವರ್ಧಕ ಇದ್ದರೆ

ವೇದಿಕೆಯ ಮೈಕುಗಳನ್ನೆಲ್ಲ ಬೆರೆಸುವ ಮಿಕ್ಸರಿನಿಂದಲೂ ಒಂದು ಜೋಡಿ ಸಿಗ್ನಲ್ ತೆಗೆದುಕೊಳ್ಳಿ. ಆಗ ನಾಲ್ಕು ಟ್ರ್ಯಾಕಿನ ರೆಕಾರ್ಡರ್ ಬೇಕಾಗುತ್ತದೆ. ಮಿಕ್ಸರಿನದು ಮೈಕಿನದಕ್ಕಿಂತ ತುಂಬಾ ಪ್ರಬಲವಾದ ಲೈನ್ ಮಟ್ಟದ ಸಿಗ್ನಲ್. ಅದನ್ನು ಮೈಕ್ ಮಟ್ಟದ ಇನ್‌ಪುಟ್‌ಗೆ ಕೊಟ್ಟರೆ ಎಲ್ಲವೂ ಕರಕರ. ಆ ಎರಡು ಚಾನೆಲ್‌ಗಳಲ್ಲಿ ಫ್ಯಾಂಟಮ್ ಆಫ್ ಇರಲಿ. ಗಟ್ಟಿಯಾದ ವಾದ್ಯಗಳಿಗೆ ಮಿಕ್ಸರಿನಲ್ಲಿ ಕಡಿಮೆ ಮಟ್ಟ ಕೊಟ್ಟಿರುತ್ತಾರಾದ್ದರಿಂದ ಬರೀ ಆ ಟ್ರ್ಯಾಕ್ ಕೇಳಿದರೆ ಸಮತೋಲ ಇರುವುದಿಲ್ಲ. ವೇದಿಕೆಯ ಮುಂದಿಟ್ಟ ನಿಮ್ಮ ಮೈಕುಗಳೊಂದಿಗೆ ಬೆರೆಸಲೇಬೇಕು. ದನಿ ಒಂದು ಮೀಟರ್ ದಾಟಲು ಸುಮಾರು 3 ಮಿಲಿಸೆಕೆಂಡ್ ಬೇಕು. ಮೈಕ್ 5 ಮೀಟರ್ ದೂರವಿದ್ದರೆ ಮಿಕ್ಸರ್ ಟ್ರ್ಯಾಕನ್ನು 15 ಮಿಲಿಸೆಕೆಂಡ್ ತಡವಾಗಿಸಿ, ಇಲ್ಲವಾದರೆ ದನಿ ಟೊಳ್ಳಾಗುತ್ತದೆ. ಎರಡು ಬೇರೆ ಬೇರೆ ಯಂತ್ರಗಳಲ್ಲಿ ರೆಕಾರ್ಡ್ ಮಾಡಿದರೆ ಅವುಗಳ ಗಡಿಯಾರ ಒಂದೇ ವೇಗದಲ್ಲಿ ಓಡದೆ ಟ್ರ್ಯಾಕುಗಳು ಹೊತ್ತು ಕಳೆದಂತೆ ಜಾರುತ್ತವೆ.

ಹಂತ 5: ತಾಲೀಮಿನಲ್ಲಿ ಪರೀಕ್ಷೆ

ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್ ಬೇಕು. ತೆರೆದ ಮಾದರಿಯಾದರೆ ಕೇಳುತ್ತಿರುವುದು ಮೈಕಿನದೋ ವೇದಿಕೆಯದೋ ತಿಳಿಯದು. ಅತಿ ಗಟ್ಟಿಯಾದ ಭಾಗವನ್ನು ನುಡಿಸಲು ಹೇಳಿ, ರೆಕಾರ್ಡರಿನ ಮೀಟರಿನಲ್ಲಿ (ಸೊನ್ನೆ ದಾಟಿದರೆ ದನಿ ಒಡೆಯುತ್ತದೆ) ಮಟ್ಟದ ತುದಿ ಮೈನಸ್ 12 ಡೆಸಿಬೆಲ್ ಮುಟ್ಟುವಂತೆ ಗೇನ್ ಇಡಿ. ಸಭಿಕರೆದುರು ಎಲ್ಲರೂ ತಾಲೀಮಿಗಿಂತ ಗಟ್ಟಿಯಾಗಿ ನುಡಿಸುತ್ತಾರೆ, ಚಪ್ಪಾಳೆ ಇನ್ನೂ ಜೋರು. ಆಮೇಲೆ ಎಲ್ಲರನ್ನೂ ಸುಮ್ಮನಿರಿಸಿ ಖಾಲಿ ಸಭಾಂಗಣವನ್ನು ಒಂದು ನಿಮಿಷ ರೆಕಾರ್ಡ್ ಮಾಡಿ ಕೇಳಿ. ಫ್ಯಾನು, ಎ.ಸಿ.ಗಳ ಮೊರೆತ ಆಗ ಬಯಲಾಗುತ್ತದೆ. ಆಫ್ ಮಾಡಿಸಲಾಗದಿದ್ದರೆ ಮಾತ್ರ 80 ಹರ್ಟ್ಸಿಗಿಂತ ಕೆಳಗಿನ ದನಿಯನ್ನು ತಗ್ಗಿಸುವ ಲೋ ಕಟ್ ಹಾಕಿ. ದೊಡ್ಡ ತಂತಿವಾದ್ಯವೋ ಚರ್ಮವಾದ್ಯವೋ ಇದ್ದರೆ ಅದರ ತಳವೂ ಕತ್ತರಿಸಿಹೋಗುತ್ತದೆ ಎಂಬುದು ನೆನಪಿರಲಿ. ಮೊಬೈಲುಗಳನ್ನು ಕೇಬಲ್ ಹತ್ತಿರ ಇಡಬೇಡಿ. ಕಾರ್ಡನ್ನು ಅದೇ ರೆಕಾರ್ಡರಿನಲ್ಲಿ ಫಾರ್ಮ್ಯಾಟ್ ಮಾಡಿ ಹೋಗಿ, ಕಾರ್ಯಕ್ರಮದ ಬಳಿಕ ಫೈಲುಗಳ ಎರಡು ಪ್ರತಿ ಬೇರೆ ಬೇರೆ ಕಡೆ ಸೇರುವ ತನಕ ಅದನ್ನು ಮತ್ತೆ ಬಳಸಬೇಡಿ.