ಪರದೆಗಿಂತ ಮೊದಲು ಒಂದು ಖಾಲಿ ಪಿರಿಯಡ್

ತರಗತಿಗೆ ಪ್ರೊಜೆಕ್ಟರ್ ಬಂದರೆ ಪಾಠ ತಾನಾಗೇ ಬದಲಾಗುತ್ತದೆ ಎಂದು ಹಲವರು ನಂಬಿದ್ದಾರೆ. ಮುಖ್ಯ ಶಿಕ್ಷಕಿಯಾಗಿ ನಾನು ಕಂಡದ್ದು ಬೇರೆ. ಸಾಧನ ಎಷ್ಟೇ ಚೆನ್ನಾಗಿರಲಿ, ಶಿಕ್ಷಕರಿಗೆ ತಯಾರಿ ಮಾಡಲು ಸಮಯ ಇಲ್ಲದಿದ್ದರೆ ಅದು ಕಪಾಟಿನಲ್ಲೇ ಉಳಿಯುತ್ತದೆ. ಆ ಸಮಯ ಕೊಡುವ ಅಧಿಕಾರ ಇರುವುದು ಟೈಮ್‌ಟೇಬಲ್ ಮಾಡುವವರ ಕೈಯಲ್ಲಿ. ಹಾಗಾಗಿ ನಮ್ಮಲ್ಲಿ ಕೆಲಸ ಶುರುವಾದದ್ದು ಟೈಮ್‌ಟೇಬಲ್‌ನಿಂದ. ಒಂದೇ ವಿಷಯ ಕಲಿಸುವವರಿಗೆಲ್ಲ ವಾರದಲ್ಲಿ ಒಂದು ಪಿರಿಯಡ್ ಒಟ್ಟಿಗೆ ಖಾಲಿ ಸಿಗುವಂತೆ ಮಾಡಿದೆ. ಆ ಪಿರಿಯಡ್‌ನಲ್ಲಿ ರಜೆ ಹಾಕಿದವರ ತರಗತಿಗೆ ಯಾರನ್ನೂ ಕಳಿಸುವ ಹಾಗಿಲ್ಲ. ಈ ಒಂದು ನಿಯಮ ಉಳಿಸಿಕೊಳ್ಳಲು ಪಟ್ಟಷ್ಟು ಕಷ್ಟ ನಾನು ಬೇರೆ ಯಾವುದಕ್ಕೂ ಪಟ್ಟಿಲ್ಲ.

ಆಡಳಿತ ಮಂಡಳಿಯವರಿಗೆ ಎಲ್ಲ ಕೋಣೆಗಳಿಗೂ ಒಂದೇ ಸಲ ಸ್ಮಾರ್ಟ್ ಬೋರ್ಡ್ ಹಾಕಿಸುವ ಆಸೆ ಇತ್ತು. ಅವರ ಮುಂದೆ, ಹಲವು ದೇಶಗಳ ಆರ್ಥಿಕ ಸಹಕಾರ ಸಂಘಟನೆಯಾದ ಒಇಸಿಡಿ 2015ರಲ್ಲಿ ಹೊರತಂದ ವರದಿಯನ್ನಿಟ್ಟೆ. ಶಾಲೆಗಳ ಕಂಪ್ಯೂಟರ್‌ಗೆ ಭಾರೀ ಹಣ ಹಾಕಿದ ದೇಶಗಳಲ್ಲೂ ಓದು, ಗಣಿತ, ವಿಜ್ಞಾನದ ಪೀಸಾ (ಹಲವು ದೇಶಗಳ ಮಕ್ಕಳಿಗೆ ಒಇಸಿಡಿ ನಡೆಸುವ ಪರೀಕ್ಷೆ) ಫಲಿತಾಂಶ ಹೇಳಿಕೊಳ್ಳುವಷ್ಟು ಏರಿಲ್ಲ ಎಂದು ಅದು ಹೇಳುತ್ತದೆ. ಕಡಿಮೆ ಕೋಣೆಗಳಿಂದ ಶುರು ಮಾಡೋಣ, ಉಳಿದ ಹಣದಲ್ಲಿ ಒಂದು ಪಾಲು ತರಬೇತಿಗೆ, ಇನ್ನೊಂದು ರಿಪೇರಿಗೆ ಇರಲಿ ಎಂದು ಕೇಳಿದೆ. ಒಪ್ಪಿದರು.

ಸ್ಟಾಫ್ ಮೀಟಿಂಗ್‌ನಲ್ಲಿ ಸಾಧನದ ಮಾತೇ ಎತ್ತಲಿಲ್ಲ. "ನಿಮ್ಮ ವಿಷಯದಲ್ಲಿ ಮಕ್ಕಳು ಪ್ರತಿ ವರ್ಷ ಎಲ್ಲಿ ಎಡವುತ್ತಾರೆ?" ಎಂದು ಮಾತ್ರ ಕೇಳಿದೆ. ಉತ್ತರಗಳು ಒಂದರ ಹಿಂದೆ ಒಂದು ಬಂದವು. ಭಿನ್ನರಾಶಿ, ಋತುಗಳು ಬದಲಾಗುವ ಕಾರಣ, ನಕ್ಷೆಯ ಸಮೋನ್ನತಿ ರೇಖೆ, ವಿದ್ಯುತ್ ಮಂಡಲ. ಪರದೆ ಬಳಸುವುದಾದರೆ ಮೊದಲು ಇವುಗಳಿಗೇ ಬಳಸೋಣ ಎಂದು ನಿರ್ಧರಿಸಿದೆವು. ಚೆನ್ನಾಗಿ ನಡೆಯುತ್ತಿರುವ ಪಾಠವನ್ನು ಸುಮ್ನೆ ಸ್ಲೈಡ್‌ಗೆ ಇಳಿಸುವುದು ಬೇಡ. ಬೋರ್ಡ್ ಮೇಲೆ ಅದ್ಭುತವಾಗಿ ಕಲಿಸುವ ಹಿರಿಯ ಶಿಕ್ಷಕಿಯೊಬ್ಬರು ನಮ್ಮಲ್ಲಿದ್ದರು. ಈ ಮಾತು ಕೇಳಿದ ಮೇಲೆ ಅವರ ಮುಖ ಸಡಿಲವಾಯಿತು. ಆಮೇಲೆ ವಿದ್ಯುತ್ ಪಾಠವನ್ನು ನನ್ನ ಜೊತೆ ಕೂತು ತಯಾರು ಮಾಡಿದವರೂ ಅವರೇ.

ಮೊದಲ ಪಾಠವನ್ನು ನಾನೇ ಮಾಡಿದೆ. ವಿಜ್ಞಾನದ ಶಿಕ್ಷಕರೆಲ್ಲ ಹಿಂದಿನ ಬೆಂಚಿನಲ್ಲಿ ಕೂತರು. ನನ್ನನ್ನು ನೋಡಬೇಡಿ, ಮಕ್ಕಳನ್ನು ನೋಡಿ ಎಂದು ಹೇಳಿದ್ದೆ.

ಒಂದು ಬ್ಯಾಟರಿಗೆ ಒಂದೇ ತರಹದ ಎರಡು ಬಲ್ಬ್ ಸರಣಿಯಲ್ಲಿ, ಅಂದರೆ ಒಂದೇ ದಾರಿಯಲ್ಲಿ ಒಂದರ ಹಿಂದೆ ಒಂದು, ಜೋಡಿಸಿದರೆ ಯಾವುದು ಜಾಸ್ತಿ ಬೆಳಗುತ್ತದೆ? ಇದೇ ಪ್ರಶ್ನೆ. ಮೊದಲ ಬಲ್ಬ್ ಕರೆಂಟನ್ನು ಸ್ವಲ್ಪ ತಿಂದುಬಿಡುತ್ತದೆ, ಎರಡನೆಯದಕ್ಕೆ ಕಡಿಮೆ ಉಳಿಯುತ್ತದೆ ಎಂದು ತುಂಬಾ ಮಕ್ಕಳು ನಂಬಿರುತ್ತಾರೆ. ಕೈ ಎತ್ತಿ ಎಂದರೆ ಜಾಣರ ಕಡೆ ನೋಡಿ ಎತ್ತುತ್ತಾರೆ. ಅದಕ್ಕೇ ಪ್ಲಿಕರ್ಸ್ ಕಾರ್ಡ್ ಕೊಟ್ಟೆ. ಕಾಗದದ ಕಾರ್ಡ್ ಅಷ್ಟೇ. ಎ, ಬಿ, ಸಿ, ಡಿ ಪೈಕಿ ಯಾವ ಉತ್ತರವೋ ಅದು ಮೇಲೆ ಬರುವಂತೆ ಹಿಡಿಯಬೇಕು, ನನ್ನ ಫೋನಿನ ಕ್ಯಾಮೆರಾ ಎಲ್ಲವನ್ನೂ ಓದಿಕೊಳ್ಳುತ್ತದೆ. ಮಕ್ಕಳ ಕೈಯಲ್ಲಿ ಯಾವ ಸಾಧನವೂ ಬೇಕಿಲ್ಲ. ಯಾರು ಏನು ಹೇಳಿದರು ಎಂಬುದು ಪಕ್ಕದವರಿಗೂ ಗೊತ್ತಾಗುವುದಿಲ್ಲ.

ಹಾರ್ವರ್ಡ್‌ನ ಭೌತಶಾಸ್ತ್ರ ಪ್ರಾಧ್ಯಾಪಕ ಎರಿಕ್ ಮಜೂರ್ 1991ರಿಂದ ಬಳಸುತ್ತಾ ಬಂದ ಕ್ರಮ ನಮಗೆ ಆಧಾರವಾಗಿತ್ತು. ಸರಿ ಉತ್ತರ ಶೇ. 30ರಿಂದ 70ರ ನಡುವೆ ಇದ್ದರೆ ಶಿಕ್ಷಕರು ವಿವರಿಸಲು ಹೋಗಬಾರದು. ಪಕ್ಕದವರನ್ನು ಒಪ್ಪಿಸಿ ಎಂದು ಮಕ್ಕಳಿಗೇ ಬಿಡಬೇಕು, ಆಮೇಲೆ ಮತ್ತೆ ಮತ ಕೇಳಬೇಕು. ಉತ್ತರ ಗೊತ್ತಿದ್ದೂ ಬಾಯಿ ಮುಚ್ಚಿಕೊಂಡಿರುವುದು ಶಿಕ್ಷಕರಿಗೆ ಎಷ್ಟು ಕಷ್ಟ ಅಲ್ವಾ! ಆದರೆ ಕೋಣೆ ತುಂಬಾ ವಾದ ಎದ್ದದ್ದು ಆಗಲೇ.

ಅದಾದ ಮೇಲೆ, ಪ್ರಯೋಗವನ್ನು ಪರದೆ ಮೇಲೇ ಮಾಡಿ ನೋಡುವ ಫೆಟ್ ಸಿಮ್ಯುಲೇಶನ್ ತೆರೆದೆವು. ನೊಬೆಲ್ ಪುರಸ್ಕೃತ ಕಾರ್ಲ್ ವೀಮನ್ 2002ರಲ್ಲಿ ಕೊಲರಾಡೊ ವಿಶ್ವವಿದ್ಯಾಲಯದಲ್ಲಿ ಶುರು ಮಾಡಿದ ಯೋಜನೆ ಇದು. ಉಚಿತ, ಇಳಿಸಿಟ್ಟುಕೊಂಡರೆ ಇಂಟರ್ನೆಟ್ ಇಲ್ಲದೆಯೂ ನಡೆಯುತ್ತದೆ. ಮೊದಲ ಬಲ್ಬಿನ ಹಿಂದೆ, ಎರಡರ ನಡುವೆ, ಎರಡನೆಯದರ ಮುಂದೆ, ಹೀಗೆ ಮೂರು ಕಡೆ ಕರೆಂಟ್ ಅಳೆಯುವ ಆಮ್ಮೀಟರ್ ಇಟ್ಟೆವು. ಮೂರೂ ಕಡೆ ಒಂದೇ ಅಂಕಿ, ಅಂದರೆ ಎರಡೂ ಬಲ್ಬ್ ಒಂದೇ ಸಮ ಬೆಳಗುತ್ತವೆ. ಕೊನೆಗೆ ನಿಜವಾದ ಬ್ಯಾಟರಿ, ಬಲ್ಬ್ ಕೈಗೆ ಕೊಟ್ಟೆವು. ನಿಜವಾದ ಬಲ್ಬ್‌ಗಳಲ್ಲಿ ಚಿಕ್ಕಪುಟ್ಟ ವ್ಯತ್ಯಾಸ ಇರುತ್ತದೆ, ಒಂದು ಸ್ವಲ್ಪ ಮಂಕಾಗಿ ಕಾಣಬಹುದು. ಇದನ್ನೇ ಮೊದಲು ತೋರಿಸಿದರೆ ತಪ್ಪು ನಂಬಿಕೆ ಇನ್ನೂ ಗಟ್ಟಿಯಾಗುತ್ತದೆ. ಸಿಮ್ಯುಲೇಶನ್ ನೋಡಿದ್ದ ಮಕ್ಕಳು ಎರಡು ಬಲ್ಬ್‌ಗಳ ಜಾಗ ಅದಲುಬದಲು ಮಾಡಿ ನೋಡೋಣ ಎಂದರು. ಮಂಕು ಬಲ್ಬ್ ಹೋದಲ್ಲೆಲ್ಲಾ ಮಂಕಾಗೇ ಇತ್ತು! ಹಿಂದೆ ಕೂತಿದ್ದ ಶಿಕ್ಷಕರಿಗೆ ನಾನು ಹೇಳಬೇಕಾದದ್ದು ಇನ್ನೇನೂ ಉಳಿಯಲಿಲ್ಲ.

ಒಬ್ಬರ ಪಾಠ ಇನ್ನೊಬ್ಬರು ನೋಡುವುದು ಹೀಗೆ ಶುರುವಾಯಿತು. ಅಲ್ಲಿ ಕಂಡದ್ದು ಯಾರ ವಾರ್ಷಿಕ ಮೌಲ್ಯಮಾಪನಕ್ಕೂ ಹೋಗುವುದಿಲ್ಲ ಎಂದು ಬರೆದುಕೊಟ್ಟೆ. ಬಾಯಿ ಮಾತು ಸಾಲದು. ನೌಕರಿಯ ಭಯ ಇದ್ದಲ್ಲಿ ಯಾರೂ ಹೊಸದನ್ನು ಮುಟ್ಟುವುದಿಲ್ಲ.

ಗಣಿತದವರು ಪರದೆ ಮೇಲೆ ಆಕೃತಿ ಬಿಡಿಸಿ ಎಳೆದು ನೋಡುವ ಜಿಯೋಜೀಬ್ರಾ ತಂತ್ರಾಂಶ ಹಿಡಿದರು. ತ್ರಿಭುಜದ ಒಂದು ಶೃಂಗ ಹಿಡಿದು ಎಳೆದರೆ ಮೂರೂ ಕೋನ ಬದಲಾಗುತ್ತವೆ, ಮೊತ್ತ ಮಾತ್ರ 180 ಡಿಗ್ರಿಯಲ್ಲೇ ನಿಲ್ಲುತ್ತದೆ. ಯಾಕೆ ಎಂಬುದರ ಗಣಿತದ ಸಾಧನೆಯನ್ನು (ಪ್ರೂಫ್) ಮಕ್ಕಳು ಪೆನ್ಸಿಲ್ ಹಿಡಿದು ಕಾಗದದ ಮೇಲೇ ಮಾಡಬೇಕು ಎಂದು ಅವರೇ ನಿಯಮ ಹಾಕಿಕೊಂಡರು.

ಉಳಿದದ್ದು ಚಿಕ್ಕ ಕೆಲಸಗಳು, ಆದರೆ ಬಿಡುವಂತಿಲ್ಲ. ಪಾಠಕ್ಕೆ ಬೇಕಾದ ಕಡತ ಹಿಂದಿನ ದಿನವೇ ಲ್ಯಾಪ್‌ಟಾಪ್‌ನಲ್ಲಿ ಇರಬೇಕು. ಕೇಬಲ್ ಕೋಣೆ ಬಿಟ್ಟು ಹೋಗಬಾರದು. ಪರದೆ ಕೈಕೊಟ್ಟರೆ ಮುಂದುವರಿಯಲು ಬೋರ್ಡ್ ಪಾಠ ಸಿದ್ಧವಿರಬೇಕು. ಆ್ಯಪ್‌ಗಳಲ್ಲಿ ಮಕ್ಕಳ ಹೆಸರು, ಫೋಟೊ ಹಾಕುವುದಿಲ್ಲ, ಕ್ರಮಸಂಖ್ಯೆ ಮಾತ್ರ.

ಈಗ ಯಾವುದನ್ನು ಕೊಳ್ಳಬೇಕು ಎಂಬ ಚರ್ಚೆ ಆ ಖಾಲಿ ಪಿರಿಯಡ್‌ನಲ್ಲೇ ನಡೆಯುತ್ತದೆ. ಈಚೆಗೆ ಅಭ್ಯಾಸದ ಆ್ಯಪ್ ಒಂದನ್ನು ಗಣಿತದ ಶಿಕ್ಷಕರೇ ಬೇಡ ಎಂದರು. ಉತ್ತರ ಸರಿಯೋ ತಪ್ಪೋ ಎಂದಷ್ಟೇ ಅದು ಹೇಳುತ್ತಿತ್ತು, ಮಗು ಯಾವ ಹಂತದಲ್ಲಿ ತಪ್ಪಿತು ಎಂದು ತೋರಿಸುತ್ತಿರಲಿಲ್ಲ. ಅದರ ಬದಲು ಡಾಕ್ಯುಮೆಂಟ್ ಕ್ಯಾಮೆರಾ ಕೇಳಿದರು. ಮಗುವಿನ ನೋಟ್‌ಬುಕ್ಕನ್ನೇ ಪರದೆ ಮೇಲೆ ಹಾಕಿ, ಇಡೀ ತರಗತಿ ಆ ಲೆಕ್ಕವನ್ನು ಸಾಲುಸಾಲಾಗಿ ಓದಬೇಕು ಎಂಬುದು ಅವರ ಯೋಚನೆ. ಕೊಡಿಸಿದೆವು.